ಎದೆಯ ಪಟ

ಚುಂಚನಕಟ್ಟೆಯ ಪುಟ್ಟಸಿದ್ದಮ್ಮ ನಾಟಿಗೆ ಇಳಿದರೆ ಅವಳ ಸಾಲನ್ನು ಹಿಡಿಯುವವರೇ ಇರಲಿಲ್ಲ. ಅಂಥ ಗಟ್ಟಿಗಿತ್ತಿಗೆ ಹೆರಿಗೆಯಾದ ಐದನೆಯ ತಿಂಗಳಲ್ಲಿ ಕೆಮ್ಮು ಹಿಡಿಯಿತು. ತಿಂಗಳಾದರೂ ಬಿಡದಿದ್ದಾಗ ಅತ್ತೆ ಮರಮ್ಮ ಇದು ಕ್ಷಯವೇ ಎಂದು ತೀರ್ಮಾನಿಸಿ, ಕೂಸನ್ನು ಕಿತ್ತುಕೊಂಡು ನಡುಮನೆ ಸೇರಿಬಿಟ್ಟಳು. ಒಳಗೆ ಕೂಸು ಅಳುತ್ತಿತ್ತು, ಜಗಲಿಯಲ್ಲಿ ತಾಯಿಯ ರವಿಕೆ ಒದ್ದೆಯಾಗುತ್ತಿತ್ತು.

ಎಡತೊರೆಗೆ ಕೃಷ್ಣರಾಜನಗರವೆಂಬ ಹೆಸರು ಬಂದು ಏಳೆಂಟು ವರ್ಷವಾಗಿತ್ತು. ಅಲ್ಲಿನ ನಂಜಯ್ಯ ಡಾಕ್ಟರು ಈ ಮನೆಯ ಮೂರು ತಲೆಮಾರಿನ ನಾಡಿ ಹಿಡಿದವರು. ಬೆನ್ನು ತಟ್ಟಿ, ಎದೆಗೆ ಕೊಳವೆಯಿಟ್ಟು ಕೇಳಿ, ಬರೀ ಕಫ ಎಂದರು. ಮರಮ್ಮ ನಂಬುವ ಪೈಕಿಯೇ? ಕಣ್ಣಿಗೆ ಕಾಣದ್ದು ಕಿವಿಗೆ ಹೇಗೆ ತಿಳಿಯಿತು ಎಂದು ಅವರನ್ನೇ ಕೇಳಿದಳು. ಮೈಸೂರಿನಲ್ಲಿ ಎದೆಯೊಳಗಿನ ಪಟ ತೆಗೆಯುತ್ತಾರೆ, ಆದರೆ ಇವಳಿಗೆ ಆ ಖರ್ಚು ದಂಡ ಎಂದರು ಡಾಕ್ಟರು. ಪಟವಿಲ್ಲದೆ ಕೂಸು ಕೈಗೆ ಬರುವುದಿಲ್ಲವೆಂದು ಪುಟ್ಟಸಿದ್ದಮ್ಮನಿಗೆ ಗೊತ್ತಾಗಿಹೋಯಿತು. ಗಂಡ ಚೆಲುವಯ್ಯ ಕರೆಯುವ ಎಮ್ಮೆಯನ್ನು ಮಾರಿದ.

ಪಟವೆಂದ ಮೇಲೆ ಕೇಳಬೇಕೆ? ಅವಳು ಧಾರೆ ಸೀರೆ ಉಟ್ಟು, ಹೂ ಮುಡಿದು ರೈಲು ಹತ್ತಿದಳು. ಆಸ್ಪತ್ರೆಯಲ್ಲಿ ನರ್ಸಮ್ಮ, ಕೊರಳಲ್ಲಿ ಏನೂ ಇರಕೂಡದು ಎಂದರು. ಗಂಡ ಗುಂಡುಕಲ್ಲಿನ ಹಾಗೆ ಹೊರಗೆ ಕೂತಿರುವಾಗ ತಾಳಿ ಬಿಚ್ಚುವುದೇ? ಮರೆಗೆ ಹೋಗಿ ಅದನ್ನು ಬೆನ್ನಿಗೆ ಸರಿಸಿ ಬಟ್ಟೆಯೊಳಗೆ ಮುಚ್ಚಿಕೊಂಡಳು. ತೆಗೆಯುವುದು ಎದೆಯ ಪಟ, ಬೆನ್ನಿನ ಗೊಡವೆ ಯಾರಿಗೆ? ಎಲ್ಲ ತೆಗೆದಾಯಿತೆ ಎಂದು ಕೇಳಿದಾಗ ಹೂಂ ಎಂದಳು.

ಆಮೇಲೆ ಪಟದ ಡಾಕ್ಟರು ಕಪ್ಪು ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಖವಿಲ್ಲ, ಸೀರೆಯಿಲ್ಲ, ಹೂವಿಲ್ಲ. ಬರೀ ಪಕ್ಕೆಲುಬು. ಅದರ ನಡುವೆ ಬೆಳ್ಳಗೆ ತಾಳಿಬೊಟ್ಟು, ಎರಡು ಗುಂಡು. ಪುಟ್ಟಸಿದ್ದಮ್ಮ ತನ್ನನ್ನು ಹೂಳಿದ ಮೇಲೆ ಉಳಿಯುವುದನ್ನು ಜೀವವಿರುವಾಗಲೇ ನೋಡಿದ್ದಳು. ಬೆನ್ನಲ್ಲಿ ಅಡಗಿಸಿದ್ದು ಎದೆಗೆ ಹೇಗೆ ಬಂತು? ಚೆಲುವಯ್ಯನೂ ಒಳಗೆ ಬಂದು ಇಣುಕಿದ.

ನೋಡಬೇಕಾದ ಜಾಗಕ್ಕೇ ತಾಳಿ ಅಡ್ಡ ಬಂದಿದೆ, ಇನ್ನೊಂದು ಪಟವಾಗಬೇಕು, ಅದಕ್ಕೂ ದುಡ್ಡು ಕಟ್ಟಬೇಕು ಎಂದು ಡಾಕ್ಟರು ಬೇಸರಪಟ್ಟರು. ಎಮ್ಮೆಯ ಹಣ ಮುಗಿದಿತ್ತು. ಊರಿಗೆ ಹೋಗೋಣ ನಡಿ ಎಂದ ಚೆಲುವಯ್ಯ.

ಅವಳು ಊರ ದಾರಿ ಹಿಡಿಯಲಿಲ್ಲ. ಪೇಟೆಗೆ ಹೋಗಿ ಅರಿಸಿನದ ಕೊಂಬು, ಒಂದೆಳೆ ದಾರ ಕೊಂಡು ಗಂಡನ ಮುಂದೆ ಕೊರಳು ಬಗ್ಗಿಸಿದಳು. “ಇದ ಕಟ್ಟಿ. ಚಿನ್ನವ ಮಾರ್ಬುಡಿ. ನನ್ ಕೂಸು ನಂಗೆ ಬೇಕು ಕಣ್ರೀ.” ಅವನು ಹೇಗೋ ಗಂಟು ಹಾಕಿದ.

ಎರಡನೆಯ ಪಟದಲ್ಲಿ ಕ್ಷಯದ ಸುಳಿವೂ ಇರಲಿಲ್ಲ. ನಂಜಯ್ಯ ಡಾಕ್ಟರು ಜುಜುಬಿ ಕೊಳವೆಯಲ್ಲಿ ಕೇಳಿ ಹೇಳಿದ ಮಾತನ್ನೇ ಮತ್ತೆ ಕೇಳುವುದಕ್ಕೆ ಒಂದು ಎಮ್ಮೆ, ಒಂದು ತಾಳಿ ಹೋದವು. ಹೊಟ್ಟೆ ಉರಿಯುತ್ತದೆ.

ಮನೆಗೆ ಬಂದಾಗ ಮರಮ್ಮ ಆಸ್ಪತ್ರೆಯ ಚೀಟಿಯತ್ತ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಸೊಸೆಯ ಕೊರಳ ಮೇಲೆ ಬಿತ್ತು.

“ಬೊಟ್ಟೆಲ್ಲಮ್ಮಿ?”

“ನಿಮ್ಮನ್ನ ನಂಬ್ಸಕ್ಕೆ ಕೊಟ್ಬುಟ್ಟೆ ಕಣತ್ತೆ.”

ಮರಮ್ಮ ಒಳಗೆ ಹೋಗಿ ಕೂಸನ್ನು ತಂದು ಸೊಸೆಯ ಮಡಿಲಿಗೆ ಹಾಕಿದಳು. ಕೂಸು ಅರಿಸಿನದ ಕೊಂಬನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹಾಲು ಕುಡಿಯಿತು.