ಇಳಿಜಾರಿನಲ್ಲಿ ಇಳಿದು ನಡೆದವಳು

ವೈದ್ಯಕೀಯ ಕಾಲೇಜಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಹಾಜರಿ ಕೂಗುವ ಮೇಷ್ಟ್ರುಗಳು ಮಾತ್ರ. ಉಳಿದವರಿಗೆಲ್ಲ ಅವಳು ‘ಗಾಲಿ’. ಹಾಸ್ಟೆಲಿನ ಎಲ್ಲ ರೂಮುಗಳಲ್ಲೂ ಮಂಚದ ಪಕ್ಕ ಓದುವ ಮೇಜಿದ್ದರೆ, ಇವಳ ಮಂಚದ ಪಕ್ಕ ಬೆಟ್ಟ ಹತ್ತುವ ಸೈಕಲ್ಲು ಗೋಡೆಗೊರಗಿ ನಿಂತಿರುತ್ತಿತ್ತು. ಅದಕ್ಕೆ ಜಾಗ ಮಾಡಲು ಮೇಜನ್ನು ಕಾರಿಡಾರಿಗೆ ದಬ್ಬಿದ್ದಳು. ಪುಸ್ತಕದ ಹಾಳೆಗಳಿಗೆಲ್ಲ ಚೈನಿನ ಎಣ್ಣೆಯ ಹೆಬ್ಬೆಟ್ಟಿನ ಗುರುತು.

“ಲೇ ಗಾಲಿ, ನಾಳೆ ಮದುವೆ ಆದ್ರೆ ಗಂಡನ್ನ ಎಲ್ಲಿ ಮಲಗಿಸ್ತೀಯೇ?” ಅಂತ ರೂಮಿನ ಗೆಳತಿ ಕೇಳಿದ್ದಳು.

“ಕಾರಿಡಾರಲ್ಲಿ. ಮೇಜಿದೆಯಲ್ಲ, ಅದರ ಮೇಲೆ.”

ಹೀಗೆ ನಗುತ್ತಿದ್ದದ್ದು ಮೊದಲೆರಡು ವರ್ಷ. ವಾರ್ಡಿನ ಕೆಲಸ ಶುರುವಾದ ಮೇಲೆ ನಗುವುದಕ್ಕೂ ತ್ರಾಣ ಉಳಿಯಲಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ಊರಾಚೆಯ ನೀರಿನ ಟ್ಯಾಂಕಿನ ಗುಡ್ಡ ಹತ್ತಿಳಿದು, ಕೆಸರು ತೊಳೆದುಕೊಂಡು, ಬಿಳಿ ಕೋಟು ಏರಿಸಿ ವಾರ್ಡಿಗೆ ಓಡಬೇಕು. ಸಂಜೆ ಪಾಠ, ಆಮೇಲೆ ಡ್ಯೂಟಿ. ಭಾನುವಾರ ಎಲ್ಲಾದರೂ ಒಂದು ಪಂದ್ಯ. ಎರಡು ದೋಣಿಯಲ್ಲಿ ಕಾಲಿಟ್ಟವರ ಪಾಡು ಗೊತ್ತಿರುವುದೇ. ಗೋಡೆಗೆ ಬೆನ್ನು ಕೊಟ್ಟು ನಿಂತಲ್ಲೇ ನಿದ್ದೆ ಮಾಡುವುದನ್ನು ಅವಳು ಕಲಿತಳು. ಲಿಫ್ಟಿನಲ್ಲಿ ನಾಲ್ಕು ಮಹಡಿ ಏರುವಷ್ಟರಲ್ಲಿ ಒಂದು ಜೊಂಪು ತೆಗೆಯುತ್ತಿದ್ದಳು. ಬಾಗಿಲು ತೆರೆದಾಗ ಯಾವ ಮಹಡಿಯೆಂದು ತಿಳಿಯದೆ ಕಣ್ಣುಕಣ್ಣು ಬಿಡುತ್ತಿದ್ದಳು.

ಅಮ್ಮ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸಕ್ಕಿದ್ದಳು. ದಿನವಿಡೀ ನಿಂತು ಅವಳ ಕಾಲು ಊದಿಕೊಳ್ಳುತ್ತಿತ್ತು. ಮಗಳು ರಜೆಗೆ ಬಂದಾಗಲೆಲ್ಲ ಅವಳದು ಒಂದೇ ಮಾತು: “ಒಂದನ್ನ ಬಿಡೇ. ನಿನ್ನ ಮುಖ ನೋಡಕ್ಕಾಗಲ್ಲ.”

“ಸರಿ, ಓದೋದನ್ನ ಬಿಡ್ತೀನಿ.”

ಅಮ್ಮ ಊದಿದ ಕಾಲು ಎಳೆದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಆ ಉತ್ತರ ಅನ್ಯಾಯದ್ದು ಅಂತ ಮಗಳಿಗೂ ಗೊತ್ತಿತ್ತು. ಆದರೆ ವಾರ್ಡಿನಲ್ಲಿ ಇಡೀ ದಿನ ಬೇರೆಯವರ ನೋವಿನ ಪಕ್ಕ ಕೈಕಟ್ಟಿ ನಿಂತಿರಬೇಕು. ಗುಡ್ಡದಲ್ಲಿ ಹಾಗಲ್ಲ. ತೊಡೆ ಉರಿದರೆ ಅದು ತನ್ನ ತೊಡೆ, ಅಷ್ಟೇ. ಅದರಿಂದ ಯಾರೂ ಸಾಯುವುದಿಲ್ಲ. ಇದನ್ನು ಅಮ್ಮನಿಗೆ ಹೇಗೆ ಬಿಡಿಸಿ ಹೇಳುವುದು?

ಅಪ್ಪ ಮಾತ್ರ ಏನೂ ಕೇಳುತ್ತಿರಲಿಲ್ಲ. ಅವನು ಸಿಟಿ ಬಸ್ಸಿನ ಡ್ರೈವರ್. ಪಂದ್ಯವಿದ್ದ ಭಾನುವಾರ ಯಾರ ಜೊತೆಯಾದರೂ ಪಾಳಿ ಬದಲಾಯಿಸಿಕೊಂಡು, ಗೆಳೆಯನ ವ್ಯಾನು ಕೇಳಿ ತಂದು, ಸೈಕಲ್ಲನ್ನೂ ಮಗಳನ್ನೂ ತುಂಬಿಕೊಂಡು ಹೊರಡುತ್ತಿದ್ದ. ಪಂದ್ಯದ ಜಾಗದಲ್ಲಿ ಮಡಿಚುವ ಸ್ಟೂಲು ಹಾಕಿ ಕೂರುವುದು, ಮಗಳು ಕಾಡಿನ ತಿರುವಿನಲ್ಲಿ ಮರೆಯಾಗುತ್ತಲೇ ಗದ್ದ ಎದೆಗಿಟ್ಟು ನಿದ್ದೆ ಹೋಗುವುದು, ಇಷ್ಟೇ ಅವನ ಪ್ರೋತ್ಸಾಹ. ಅವನಿಗೂ ವಾರದ ದಣಿವಿರುತ್ತಿತ್ತು. ಗೆದ್ದಳೋ ಸೋತಳೋ ಅಂತ ಪಕ್ಕದವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದ.

ಆ ವರ್ಷ ಅವಳ ಸವಾರಿ ಚೆನ್ನಾಗಿ ಕುದುರಿತ್ತು. ಸುತ್ತಲಿನ ಪಂದ್ಯಗಳಲ್ಲಿ ಮೊದಲ ಐವರೊಳಗೆ ಬರುತ್ತಿದ್ದಳು. ವರ್ಷದ ದೊಡ್ಡ ಪಂದ್ಯ ಹತ್ತಿರ ಬರುತ್ತಿದ್ದ ಹಾಗೆ ಗುಡ್ಡದ ಓಡಾಟ ಇನ್ನಷ್ಟು ಹೆಚ್ಚಿಸಿದಳು. ಆ ಹೊತ್ತಿಗೇ ಬಲಗೈಯ ಕಿರುಬೆರಳು ಜೋಮು ಹಿಡಿಯತೊಡಗಿತು. ಮೊದಲು ಗುಡ್ಡ ಇಳಿದ ಮೇಲೆ ಸ್ವಲ್ಪ ಹೊತ್ತು ಇರುತ್ತಿತ್ತು. ಆಮೇಲೆ ಮಧ್ಯಾಹ್ನದವರೆಗೂ ನಿಂತಿತು. ಕೊನೆಗೆ ಪಕ್ಕದ ಉಂಗುರದ ಬೆರಳಿಗೂ ಹಬ್ಬಿ, ಹೋಗುವುದನ್ನೇ ಬಿಟ್ಟಿತು. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಬೆರಳು ಬೇರೆ ಯಾರದೋ ಅನ್ನಿಸುತ್ತಿತ್ತು. ಇದೇನೆಂದು ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ಹ್ಯಾಂಡಲಿನ ಮೇಲೆ ಅಂಗೈ ಊರಿ ಊರಿ ಮಣಿಕಟ್ಟಿನ ನರ ಒತ್ತಿಹೋಗುತ್ತದೆ ಅಂತ ಪರೀಕ್ಷೆಯಲ್ಲಿ ತಾನೇ ಬರೆದಿದ್ದಳು. ಆದರೂ ಯಾರ ಮುಂದೂ ತುಟಿ ಬಿಚ್ಚಲಿಲ್ಲ.

ಸಿಕ್ಕಿಬಿದ್ದದ್ದು ಹೊಲಿಗೆ ಹಾಕುವ ಕೋಣೆಯಲ್ಲಿ. ಏಣಿಯಿಂದ ಜಾರಿ ಮೊಣಕೈ ಸೀಳಿಕೊಂಡಿದ್ದ ಬಣ್ಣ ಬಳಿಯುವವನೊಬ್ಬ ಬಂದಿದ್ದ. ಗಾಯ ಮರಗಟ್ಟಿಸಿ, ಸೂಜಿ ಹಾಯಿಸಿ, ಗಂಟು ಬಿಗಿಯಲು ಹೋದರೆ ದಾರ ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು.

“ನಿಧಾನವಾಗಿ ಹಾಕಿ ಡಾಕ್ಟರೇ,” ಅಂದ ಅವನು. “ಇವತ್ತು ಗೋಡೆಯೂ ಒಣಗಿಲ್ಲ, ನನಗೇನೂ ಅವಸರ ಇಲ್ಲ.”

ಬೆನ್ನ ಹಿಂದೆ ನಿಂತಿದ್ದ ಶಸ್ತ್ರಚಿಕಿತ್ಸೆ ವಿಭಾಗದ ಮುಖ್ಯಸ್ಥೆ ನಗಲಿಲ್ಲ. ಆಕೆಯನ್ನು ಎಲ್ಲರೂ ‘ದೊಡ್ಡ ಮೇಡಂ’ ಅನ್ನುತ್ತಿದ್ದರು; ಎತ್ತರ ಮಾತ್ರ ಇವಳ ಭುಜದಷ್ಟು. “ಸರಿ, ನೀನು ಬಿಡು,” ಅಂತ ಪಕ್ಕದಲ್ಲಿದ್ದ ರೂಮಿನ ಗೆಳತಿಯ ಕೈಗೆ ದಾರ ಕೊಡಿಸಿದರು. ಹೊಲಿಗೆ ಮುಗಿದು ಅವನು ಹೊರಗೆ ಹೋದ ಮೇಲೆ, ಅವನು ಕೂತಿದ್ದ ಸ್ಟೂಲನ್ನೇ ತೋರಿಸಿ, “ಕೂತ್ಕೋ,” ಅಂದರು.

ಕೂತಳು. ಜೊತೆಯವರೆಲ್ಲ ಸುತ್ತ ನಿಂತರು.

“ರೋಗಿ ಬಂದಿದ್ದಾರೆ. ಏನು ಕೇಳ್ತೀರಾ?”

ಮೇಡಂ ಕಣ್ಣು ಗೆಳತಿಯ ಮೇಲೆ ಬಿತ್ತು. ಅವಳೇ ಶುರುಮಾಡಿದಳು. “ಏನು... ಏನು ತೊಂದರೆ?”

“ಎರಡು ಬೆರಳು ಜೋಮು.”

“ಏನು ಕೆಲಸ ಮಾಡ್ತೀರಾ?”

“ಓದ್ತೀನಿ.” ಮೇಡಂ ಮುಖ ನೋಡಿ, “ಸೈಕಲ್ ಓಡಿಸ್ತೀನಿ,” ಅಂದಳು.

ಮೇಡಂ ಕೇಸ್ ಶೀಟಿನಿಂದ ಒಂದು ಚೂರು ಹರಿದು ಅವಳ ಕಿರುಬೆರಳಿಗೂ ಉಂಗುರದ ಬೆರಳಿಗೂ ನಡುವೆ ಇಟ್ಟರು. “ಬಿಗಿಯಾಗಿ ಹಿಡ್ಕೋ.” ಅವಳು ಹಲ್ಲು ಕಚ್ಚಿ ಹಿಡಿದಳು. ಮೇಡಂ ಎಳೆದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾಗದ ಬಂದುಬಿಟ್ಟಿತು.

“ಎಲ್ಲರೂ ನೋಡಿದಿರಾ? ಹೋಗಿ.” ಅವರೆಲ್ಲ ಹೋದ ಮೇಲೆ ದನಿ ಇಳಿಸಿದರು. “ಎಷ್ಟು ದಿನ ಆಯ್ತು?”

“ಕೆಲವು ವಾರ, ಮೇಡಂ.”

“ಇದೇ ಕೈ ಇಟ್ಕೊಂಡು ಅವನ ಮೈಮೇಲೆ ಸೂಜಿ ಹಿಡಿದೆಯಲ್ಲ.” ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದಳು. ಅವರು ಸುಮ್ಮನೆ ಹೇಳಿದ್ದೇ ಎದೆಗೆ ಚುಚ್ಚಿತು. “ಹ್ಯಾಂಡಲ್ ಮುಟ್ಟಬೇಡ. ನಾನು ಹೇಳೋವರೆಗೂ ಹೊಲಿಗೆ ಕೋಣೆಗೂ ಬರಬೇಡ. ಸೈಕಲ್ ಬಿಟ್ಟರೆ ಬೆರಳಿನ ಬಲ ವಾಪಸ್ ಬರುತ್ತೆ. ಬಿಡದಿದ್ರೆ ನಿನಗೇ ಗೊತ್ತು.”

ಪಂದ್ಯ ಆ ಭಾನುವಾರವೇ ಇತ್ತು. ಇಡೀ ವರ್ಷ ಅದಕ್ಕಾಗಿ ಮೈ ಹಣ್ಣು ಮಾಡಿಕೊಂಡಿದ್ದಳು. ‘ಇದೊಂದು ಮುಗಿಸಿ ಬಿಟ್ಟುಬಿಡ್ತೀನಿ’ ಅಂದುಕೊಂಡಳು. ಎಷ್ಟು ರೋಗಿಗಳ ಬಾಯಲ್ಲಿ ಇದೇ ಮಾತು ಕೇಳಿದ್ದಳೋ. ಅಪ್ಪನಿಗೆ ಹೇಳಲಿಲ್ಲ. ಕೈಗವಸಿನೊಳಗೆ ದಪ್ಪ ಸ್ಪಂಜು ತುರುಕಿಕೊಂಡು ಹೊರಟಳು.

ಏರು ಹಾದಿ ಸಲೀಸಾಗಿ ಹೋಯಿತು. ತುದಿ ತಲುಪಿದಾಗ ಮುಂದೆ ಇಬ್ಬರೇ ಇದ್ದರು. ಇಳಿಜಾರು ಶುರುವಾದ ಮೇಲೆ ಗೊತ್ತಾಯಿತು, ಬಲಗೈ ಹ್ಯಾಂಡಲ್ ಹಿಡಿದಿದೆಯೋ ಬಿಟ್ಟಿದೆಯೋ ಕಣ್ಣಿಂದ ನೋಡದ ಹೊರತು ತಿಳಿಯುತ್ತಿಲ್ಲ ಅಂತ. ಬೇರುಗಳ ಮೇಲೆ ಸೈಕಲ್ಲು ಎಗರಿದಾಗ ಕೈ ಜಾರಿ ಗಾಳಿಯಲ್ಲಿತ್ತು. ಹೇಗೋ ಎದೆಯನ್ನೇ ಹ್ಯಾಂಡಲಿಗೆ ಒತ್ತಿ, ಪೊದೆಗೆ ನುಗ್ಗಿ ನಿಂತಳು. ಮೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಕೆಳಗೆ ದಾರಿ ಇನ್ನೂ ಕಡಿದಾಗಿತ್ತು. ಒಂದು ಕಾಲು ನೆಲಕ್ಕಿಟ್ಟಳು, ಇನ್ನೊಂದನ್ನೂ ಇಟ್ಟಳು. ಸೈಕಲ್ಲನ್ನು ಪಕ್ಕಕ್ಕೆ ಹಿಡಿದುಕೊಂಡು ನಡೆಯತೊಡಗಿದಳು.

ಹಿಂದಿನಿಂದ ಬಂದವರು “ಪಕ್ಕ, ಪಕ್ಕ” ಅನ್ನುತ್ತ ದಾಟಿ ಹೋದರು. ಅವಳು ಪ್ರತಿಸಲವೂ ಮರಕ್ಕೆ ಆತು ನಿಂತು ದಾರಿ ಬಿಟ್ಟಳು. ಅಳು ಬರುತ್ತದೆ ಅಂದುಕೊಂಡಿದ್ದಳು. ಬಂದದ್ದು ಆಕಳಿಕೆ. ಕಾಲು ನೆಲ ಮುಟ್ಟಿದ ಕ್ಷಣ ಒಳಗೆ ಏನೋ ಸಡಿಲವಾಗಿ ಹಾಯೆನಿಸಿತ್ತು. ಪೊದೆಗೆ ನುಗ್ಗಿದಾಗ ಆಗದ ಹೆದರಿಕೆ ಹಾಗೆ ಹಾಯೆನಿಸಿದ್ದರಿಂದ ಆಯಿತು.

ಕೆಳಗೆ ಮುಟ್ಟುವಷ್ಟರಲ್ಲಿ ಬಹುಮಾನ ಹಂಚಿ, ದಾರಿಗೆ ಕಟ್ಟಿದ್ದ ಹಗ್ಗ ಬಿಚ್ಚುತ್ತಿದ್ದರು. ಅಪ್ಪ ನಿದ್ದೆ ಮಾಡಿರಲಿಲ್ಲ. ದಾರಿಯ ಬಾಯಲ್ಲೇ ನಿಂತಿದ್ದ.

“ಬಿದ್ಯಾ?”

“ಇಲ್ಲ. ಕೈ ಹಿಡೀತಿಲ್ಲಪ್ಪ. ನರ ಒತ್ತಿದೆ. ಮೊದಲೇ ಗೊತ್ತಿತ್ತು.”

ಅವನು ಸೈಕಲ್ಲು ಇಸಿದುಕೊಂಡ. ಸ್ವಲ್ಪ ದೂರ ನಡೆದ ಮೇಲೆ, “ಇಳಿದು ನಡೆದೆಯಲ್ಲ ಮಗಳೇ, ಒಳ್ಳೇದು ಮಾಡ್ದೆ,” ಅಂದ.

“ಹೊಗಳಬೇಡಪ್ಪ. ಧೈರ್ಯ ಅಲ್ಲ, ಬುದ್ಧಿನೂ ಅಲ್ಲ. ಸಾಕಾಗಿತ್ತು.”

“ಸಾಕಾದೋರು ಸಾಕು ಅಂತ ಒಪ್ಕೊಳ್ಳೋದಿಲ್ಲ. ನಮ್ಮ ಡಿಪೋಲಿ ದಿನಾ ನೋಡ್ತೀನಿ.” ವ್ಯಾನಿನ ಹಿಂಬಾಗಿಲು ತೆಗೆದ. “ಹಿಂದೆ ಮಲಕ್ಕೋ.”

ಸೈಕಲ್ಲಿನ ಪಕ್ಕ, ಕೆಸರು ಬಟ್ಟೆಯಲ್ಲೇ ಮಲಗಿದಳು. ಮನೆ ಬಂದಾಗ ಅಮ್ಮ ಎಬ್ಬಿಸಲು ಬಂದವಳು, ಮಗಳ ಮುಖ ನೋಡಿ ಎಬ್ಬಿಸದೆ, ಮೇಲೊಂದು ಹೊದಿಕೆ ಹಾಕಿ ಒಳಗೆ ಹೋದಳಂತೆ.

ಸೈಕಲ್ಲು ಮನೆಯಲ್ಲೇ ಉಳಿಯಿತು. ಹಾಸ್ಟೆಲಿನ ಮೇಜು ಒಳಗೆ ಬಂತು. ಸೈಕಲ್ಲು ಬಿಟ್ಟ ಮಾತ್ರಕ್ಕೆ ಓದು ಹಾರಿಕೊಂಡೇನೂ ಬರಲಿಲ್ಲ. ಸಿಕ್ಕ ಹೊತ್ತನ್ನೆಲ್ಲ ನಿದ್ದೆಯೇ ನುಂಗಿತು. ಆ ಸಲ ಒಂದು ವಿಷಯದಲ್ಲಿ ಫೇಲೂ ಆದಳು, ಮತ್ತೆ ಕೂತು ಪಾಸು ಮಾಡಿಕೊಂಡಳು. ಬೆರಳಿಗೆ ರಬ್ಬರ್ ಬ್ಯಾಂಡು ಹಾಕಿ ಅಗಲಿಸುವುದು, ಮುಚ್ಚುವುದು. ಬಿಡುವಾದಾಗ ಅದೇ ಕೆಲಸ. ಉಂಗುರದ ಬೆರಳು ಬೇಗ ಬಂತು. ಕಿರುಬೆರಳು ಹಟಮಾರಿ, ಅದರ ತುದಿ ಇವತ್ತಿಗೂ ಬಿಸಿಯೋ ತಣ್ಣಗೋ ಸರಿಯಾಗಿ ಹೇಳುವುದಿಲ್ಲ.

ಮುಂದಿನ ವರ್ಷ ಮೇಡಂ ಒಪ್ಪಿದ ಮೇಲೆ ಗುಡ್ಡಕ್ಕೆ ಮರಳಿದಳು. ವಾರಕ್ಕೆ ಎರಡು ಸಲ, ಅದೂ ಹಿಂದಿನ ದಿನ ನಿದ್ದೆಯಾಗಿದ್ದರೆ ಮಾತ್ರ. ಒಂದೇ ಒಂದು ಪಂದ್ಯಕ್ಕೆ ಹೋಗಿ ಬಂದಳು. ಮರುದಿನ ಆಪರೇಷನ್ ಕೋಣೆಯ ಹೊರಗೆ ಮೇಡಂ ಸಿಕ್ಕರು.

“ಎಷ್ಟನೆಯವಳು?”

“ನಡುವೆ ಎಲ್ಲೋ, ಮೇಡಂ.”

“ಬೇಜಾರಾಯ್ತಾ?”

“ಆಯ್ತು. ಆದ್ರೆ ಮಲಗಿದ ತಕ್ಷಣ ನಿದ್ದೆ ಬಂತು.”

ಮೇಡಂ ಅವಳ ಬಲಗೈ ಎತ್ತಿ, ಬೆರಳು ಅಗಲಿಸಿ, ಒತ್ತಿ ನೋಡಿ ಬಿಟ್ಟರು. “ಹೋಗು, ಕೈ ತೊಳ್ಕೊಂಡು ಬಾ. ಇವತ್ತು ಕೊನೇ ಹೊಲಿಗೆ ನಿಂದು.”