ರಾಕ್ಷಸ ಮುನಿಯಣ್ಣನವರ ಒನ್ಸ್ ಮೋರ್

ಮಹದೇವಪುರದ ಮುನಿಯಣ್ಣ ಊರ ನಾಟಕಗಳಲ್ಲಿ ರಾಕ್ಷಸನಾಗಿ ಸಾಯುತ್ತಿದ್ದವರು. ಜನ ‘ಒನ್ಸ್ ಮೋರ್’ ಎಂದರೆ ಎದ್ದು ಮತ್ತೊಮ್ಮೆ ಸಾಯುತ್ತಿದ್ದವರು. ಅಂಥವರಿಗೆ ಕಾಮಿಕ್ಸ್ ಕಥೆಯ ಹೊಡೆದಾಟದ ಸಿನಿಮಾ ನೋಡುವ ಎದೆಯಿಲ್ಲವೆಂದು ಮನೆಯವರು ತೀರ್ಮಾನಿಸಿದ್ದು ಅಪ್ಪಟ ಅನ್ಯಾಯ. “ಗಲಾಟೆ ಮಾಡಿದ್ರೆ ಇದೇ ಕೊನೇ ಸಿನಿಮಾ, ತಾತ,” ಎಂದು ಎಚ್ಚರಿಸಿಯೇ ಮೊಮ್ಮಗಳು ಲಾವಣ್ಯ ಕರೆದೊಯ್ದಳು.

ತೆರೆಯ ಮೇಲೆ ಕಪ್ಪು-ಬಿಳುಪಿನ ನಗರ, ಕುಂಕುಮ ಕಲಸಿದಂಥ ರಕ್ತ. ಕೆಲವರು ಕಣ್ಣು ಮುಚ್ಚಿದರು, ಕೆಲವರು ಎದ್ದೇ ಹೋದರು. ಕೊನೆಗೆ ಖಳನಾಯಕ ಬಾಣ ತಗುಲಿ ಗಿರಗಿರನೆ ತಿರುಗಿ ಬಿದ್ದಾಗ ಮುನಿಯಣ್ಣ ಎದ್ದು ನಿಂತರು.

“ಏನ್ ಸತ್ತ ಕಣಮ್ಮಾ! ಒನ್ಸ್ ಮೋರ್!”

ಲಾವಣ್ಯ ತಲೆ ತಗ್ಗಿಸಿದಳು. ಆದರೆ ಹಿಂದಿನ ಸಾಲಿನಿಂದ ಶಿಳ್ಳೆ ಬಂತು. ಕ್ಷಣದಲ್ಲೇ ಇಡೀ ಚಿತ್ರಮಂದಿರ ‘ಒನ್ಸ್ ಮೋರ್’ ಎಂದು ಮೊಳಗಿತು.

ಹೊರಬಂದಾಗ ಅವಳು ತಾತನ ತೋಳು ಹಿಡಿದಳು. “ಮುಂದಿನ ವಾರ ಇನ್ನೊಂದಿದೆ. ಸುಮ್ನೆ ಕೂತ್ಕೊಳ್ಳೋದಾದ್ರೆ ಕರ್ಕೊಂಡ್ ಹೋಗಲ್ಲ!”