ಮೂವತ್ತಡಿ ಇಳಿಜಾರು

ಬೆಳಗಿನ ಆರು ಗಂಟೆ. ಗುಬ್ಬಿಯ ಸರ್ಕಾರಿ ಕಚೇರಿಯೊಂದರ ಬಾಗಿಲು ಇನ್ನೂ ತೆರೆದಿಲ್ಲ. ಗಾರೆ ಮೇಸ್ತ್ರಿ ಕರಿಬಸವಯ್ಯ ಹೊಸ ಕಾಂಕ್ರೀಟ್ ಇಳಿಜಾರಿನ ಮೇಲಿಂದ ಒದ್ದೆ ಗೋಣಿಚೀಲಗಳನ್ನು ಎತ್ತುತ್ತಿದ್ದಾರೆ. ಹತ್ತು ದಿನದಿಂದ ತುಮಕೂರಿನ ಮರಳೂರಿನಿಂದ ಮೊದಲ ಬಸ್ಸಿಗೆ ಬಂದು ನೀರು ಹಾಕಿದ್ದಾರೆ. ಇವತ್ತು ಇಂಪನಾ ಇದರ ಮೇಲೆ ಹತ್ತಬೇಕು.

ಇಂಪನಾ ಈ ವರ್ಷ, 2009ರಲ್ಲಿ, ಕೆಲಸಕ್ಕೆ ಸೇರಿದ ಗುಮಾಸ್ತೆ. ಪೋಲಿಯೊ ಆದವರು, ಗಾಲಿಕುರ್ಚಿಯಲ್ಲಿ ಬರುತ್ತಾರೆ. ಬಾಗಿಲಿಗೆ ಐದು ಮೆಟ್ಟಿಲು, ಎರಡೂವರೆ ಅಡಿ ಎತ್ತರ. ದಿನವೂ ಅಣ್ಣ ಅನಂತರಾಜು ಎತ್ತಿಕೊಂಡು ಹೋಗುತ್ತಾರೆ. ನಾಳೆಯಿಂದ ಅವರಿಗೆ ಕುಣಿಗಲ್‌ನಲ್ಲಿ ಡ್ಯೂಟಿ. ಆಮೇಲೆ ಎತ್ತುವವರಿಲ್ಲ, ಕೆಲಸ ಬಿಡಬೇಕಾದೀತು.

ಇಂಥ ಕಡೆ ಗಾಲಿಕುರ್ಚಿಗೂ ದಾರಿ ಇರಬೇಕೆಂಬ ವಿಶ್ವಸಂಸ್ಥೆಯ ಒಡಂಬಡಿಕೆಗೆ ದೆಹಲಿ ಸಹಿ ಹಾಕಿ ಎರಡು ವರ್ಷವಾಯಿತು. ದೆಹಲಿ ಬೆಂಗಳೂರಿಗೆ ಬರೆಯಿತು, ಬೆಂಗಳೂರು ತುಮಕೂರಿಗೆ. ಗುಬ್ಬಿಗೆ ಬಂದದ್ದು 'ಇಳಿಜಾರು ಇದೆಯೇ' ಎಂದು ಕೇಳುವ ಒಂದು ನಮೂನೆ. 'ಇದೆ' ಎಂದು ತುಂಬಲು ಕಚೇರಿಯ ಸಾಹೇಬರು ಕರಿಬಸವಯ್ಯನವರಿಂದಲೇ ಹತ್ತಡಿಯದೊಂದನ್ನು ಕಟ್ಟಿಸಿದರು. ಮೊದಲ ದಿನವೇ ಇಂಪನಾ ಕುರ್ಚಿ ಹಿಂದಕ್ಕೆ ಜಾರಿತು. ಕಾಂಪೌಂಡಿಗೆ ಗಾರೆ ಮೆತ್ತುತ್ತಿದ್ದ ಮೇಸ್ತ್ರಿಯೇ ಓಡಿಬಂದು ಹಿಡಿದರು.

"ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ನಂಗೊತ್ತಿತ್ತು. ಸಾಹೇಬ್ರು ಸಾಕು ಅಂದ್ರು, ಕಟ್ಬುಟ್ಟೆ. ತಪ್ಪು ನಂದೇ," ಎನ್ನುತ್ತಾರೆ.

ಊರ್ಡಿಗೆರೆಯಲ್ಲಿ ಹುಟ್ಟಿದ ಕರಿಬಸವಯ್ಯನವರಿಗೆ ಐವತ್ತಾರು ವರ್ಷ, ಕರಣೆ ಹಿಡಿದು ನಲವತ್ತು. ಕಟ್ಟಿದ್ದನ್ನು ಮೂರು ದಿನ ಕೂಲಿ ಇಲ್ಲದೆ ತಾವೇ ಒಡೆದರು. ಮೂವತ್ತಡಿಗೆ ಒಪ್ಪುವವರೆಗೆ ಕರಣೆ ಮುಟ್ಟುವುದಿಲ್ಲ ಎಂದರು. ಆದರೆ ಮೂವತ್ತಡಿ ಬಂದರೆ ಸಾಹೇಬರ ಜೀಪ್ ನಿಲ್ಲುವ ನೆರಳಿನ ಜಾಗ ಹೋಗುತ್ತದೆ. ಎರಡು ತಿಂಗಳು ಹಾಗೇ ಕಳೆಯಿತು. ಅನಂತರಾಜುವಿನ ವರ್ಗಾವಣೆ ಸುದ್ದಿ ಬಂದ ದಿನ ಸಾಹೇಬರೇ ಹೊರಗೆ ಬಂದು, "ಜೀಪ್ ತೆಗೀರಿ," ಎಂದರು.

"ಏನ್ ಮೇಸ್ತ್ರಿ, ನನ್ ಜೀಪ್ ಬಿಸ್ಲಲ್ಲಿ ಒಣಗಾಕ್ಬುಟ್ರಲ್ಲ," ಎಂದು ಡ್ರೈವರ್ ಷಡಕ್ಷರಿ ಕೆಣಕುತ್ತಾನೆ.

"ಒಣಗ್ಲಿ ಬುಡ್ಲಾ. ದೆಹ್ಲೀಲಿ ಸಹಿ ಹಾಕ್ದೋರು ಏನೂ ತೆಗೀಬೇಕಾಗಿರ್ಲಿಲ್ಲ. ತೆಗ್ಯೋದೆಲ್ಲ ಇಲ್ಲೇ ಅಲ್ವಾ, ಅದ್ಕೇ ತಡ."

ಯಾರೂ ನೋಡದಿರಲೆಂದು ಇಂಪನಾ ಏಳಕ್ಕೇ ಬರುತ್ತಾರೆ. ಅನಂತರಾಜು ಕುರ್ಚಿಗೆ ಕೈ ಹಾಕುತ್ತಾರೆ. "ಬೇಡ ಕಣಣ್ಣ," ಎನ್ನುತ್ತಾರೆ ತಂಗಿ. ಗಾಲಿ ತಿರುಗುತ್ತದೆ. ಅರ್ಧದಲ್ಲಿ ನಿಂತು ಉಸಿರು ತೆಗೆದುಕೊಂಡು, ಮತ್ತೆ ಹತ್ತುತ್ತಾರೆ. ಬಾಗಿಲ ಮುಂದೆ ನಿನ್ನೆಯೇ ಕೇಳಿ ಪಡೆದಿದ್ದ ಬೀಗದ ಕೈಯನ್ನು ಬ್ಯಾಗಿನಿಂದ ತೆಗೆದು, ತೆರೆದು, ಹಿಂದಿರುಗಿ ನೋಡದೆ ಒಳಗೆ ಹೋಗುತ್ತಾರೆ.

ಕರಿಬಸವಯ್ಯ ಗೋಣಿಚೀಲ ಮಡಿಸುತ್ತಾರೆ.

"ತಿರುಗಿ ನೋಡ್ಲಿಲ್ಲ ನೋಡಿ," ಎನ್ನುತ್ತಾರೆ. "ಸರಿಯಾಗೇ ಕಟ್ಟಿದೀನಿ ಅಂತಾಯ್ತು."